ಚಾಕಿ ಮನೆಗೆ ಮಿಲಿಟರಿ ಹೀಟರ್

ನಂಜನಗೂಡಿನ ಬಿಸಿಲಿಗೆ ಹೀಟರ್ ಇರುವ ಗಾಡಿ ತಂದವನು ನನ್ನ ಮಗ ಒಬ್ಬನೇ ಇರಬೇಕು. ಸೈನ್ಯದಲ್ಲಿ ಡ್ರೈವರ್ ಆಗಿದ್ದವನು ಪೆನ್ಷನ್ ಪಡೆದು ಊರಿಗೆ ಬಂದ. ಕೈಕಾಲು ಸುಮ್ಮನಿರಲಿಲ್ಲ. ಎಲ್ಲೋ ಹರಾಜಿಗೆ ಹೋಗಿ, ಹಸಿರು ಬಣ್ಣ ಚಕ್ಕೆ ಎದ್ದ ಹಳೇ ಮಿಲಿಟರಿ ಜೀಪೊಂದನ್ನು ಕೊಂಡು ತಂದು ಮನೆ ಮುಂದೆ ನಿಲ್ಲಿಸಿದ. ಹತ್ತಬೇಕಾದರೆ ನನಗೆ ಒಂದು ಮಣೆ ಬೇಕು, ಅಷ್ಟೆತ್ತರ. ಹಿಂದುಗಡೆ ಟಾರ್ಪಾಲಿನ ಗೂಡು. ಕಲ್ಲು, ಕೆಸರು, ಹಳ್ಳ ಎಲ್ಲವನ್ನೂ ದಾಟುತ್ತದಂತೆ. ನಮ್ಮೂರು ಇರುವುದು ನಂಜನಗೂಡಿಗೂ ನರಸೀಪುರಕ್ಕೂ ನಡುವೆ, ಕಪಿಲೆ ಬಯಲಿನಲ್ಲಿ. ಇಲ್ಲಿ ದಾಟುವುದಕ್ಕೆ ನಾಲೆ ಏರಿ ಬಿಟ್ಟರೆ ಬೇರೇನೂ ಇಲ್ಲ.

ನಮ್ಮ ಯಜಮಾನರು ಗಾಡಿಗೆ ಒಂದು ಸುತ್ತು ಬಂದು, "ಏನ್ಲಾ, ಇದ್ರಲ್ಲಿ ಇಪ್ಪುನೇರ್ಳೆ ಸೊಪ್ಪಿಗೋಗೀಯೋ ಯುದ್ಧಕ್ಕೋಗೀಯೋ?" ಅಂದರು.

"ಎರಡಕ್ಕೂ ಆಯ್ತದೆ ಕಣಪ್ಪ," ಅಂದ ಮಗ.

ಗಾಡಿಯ ಒಳಗೆ, ಮುಂದಿನ ಸೀಟಿನ ಕಾಲ ಹತ್ತಿರ, ಒಂದು ಕಬ್ಬಿಣದ ಡಬ್ಬಿ ಇತ್ತು. ಅದೇ ಹೀಟರ್. ಸ್ವಿಚ್ಚು ಹಾಕಿದರೆ ಡೀಸೆಲ್ ಟಿಕ್ ಟಿಕ್ ಅಂತ ಹನಿಯುತ್ತದೆ, ಒಳಗೆ ಬೆಂಕಿ ಹತ್ತುತ್ತದೆ, ಸ್ವಲ್ಪ ಹೊತ್ತಿಗೆ ಫ್ಯಾನು ಬಿಸಿಗಾಳಿ ಊದುತ್ತದೆ. ಹಿಮ ಬೀಳುವ ಕಡೆ ಸೈನಿಕರ ಕೈಬೆರಳು ಮರಗಟ್ಟದಿರಲಿ ಅಂತ ಇಟ್ಟದ್ದು. ಮಗ ಚೈತ್ರದ ಮಧ್ಯಾಹ್ನ ನಮ್ಮನ್ನೆಲ್ಲ ಕೂರಿಸಿ ಹಾಕಿ ತೋರಿಸಿದ. ಎಲ್ಲರೂ ಬೆವತು ಕೆಳಗೆ ಹಾರಿದೆವು. ಇನ್ನೂ ಒಂದು ವಿಶೇಷ ಅಂದರೆ ಸ್ವಿಚ್ಚು ಆರಿಸಿದ ಮೇಲೂ ಫ್ಯಾನು ಓಡುತ್ತಲೇ ಇತ್ತು.

"ಆರಿಸಿದ್ರೂ ಓಡ್ತದಲ್ಲಾ, ದುಡ್ಡು ಎಚ್ಚಾಗಿದ್ಯಾ ನಿಂಗೆ?" ಅಂತ ಯಜಮಾನರು ಗದರಿದರು. ಮನೆಯಲ್ಲಿ ಬಲ್ಬು ಉರಿಯುತ್ತಿದ್ದರೆ ಹಾಸಿಗೆಯಿಂದ ಎದ್ದು ಬಂದು ಆರಿಸುವ ಆಸಾಮಿ ಅವರು.

"ಒಳಗಿನ ಕಾವು ಆರೋ ತನಕ ಓಡ್ಬೇಕಪ್ಪ. ನಡುವೆ ನಿಲ್ಸಿದ್ರೆ ಸುಟ್ಟೋಯ್ತದೆ. ಅದನ್ನ ಮಾತ್ರ ಮುಟ್ಬೇಡ."

ಈ ಹೀಟರಿಗೆ ನಮ್ಮ ಊರಲ್ಲಿ ಒಂದು ಕೆಲಸ ಸಿಗುತ್ತದೆ ಅಂತ ಆಗ ಯಾರಾದರೂ ಹೇಳಿದ್ದರೆ ನಾನು ನಗುತ್ತಿದ್ದೆ.

ಕೆಲಸ ಹುಟ್ಟಿದ್ದು ಸೊಸೆಯಿಂದ. ಅವಳು ಪಿಯುಸಿ ಓದಿದವಳು. ಸುತ್ತಮುತ್ತ ರೇಷ್ಮೆ ಸಾಕುವವರು ಬೇಕಾದಷ್ಟು ಜನ ಇದ್ದಾರೆ, ಆದರೆ ಮೊಟ್ಟೆ ಒಡೆಸಿ ಮರಿಹುಳು ಸಾಕುವ ತಾಳ್ಮೆ ಈಗ ಯಾರಿಗೂ ಇಲ್ಲ. ರೇಷ್ಮೆ ಹುಳು ಚರ್ಮ ಕಳಚುವ ಮುಂಚೆ ತಿನ್ನುವುದು ಬಿಟ್ಟು ತಲೆ ಎತ್ತಿ ಅಲುಗದೆ ಕೂರುತ್ತದೆ. ಅದಕ್ಕೆ ನಾವು ಜ್ವರ ಅನ್ನುತ್ತೇವೆ. ಎರಡು ಜ್ವರದ ತನಕ ಅದು ಚಾಕಿ ಹುಳು, ಎಳೆಗೂಸು ಇದ್ದಂತೆ. ಅಲ್ಲಿವರೆಗೆ ಸಾಕಿ ರೈತರಿಗೆ ಕೊಡುವ ಚಾಕಿ ಮನೆ ಮಾಡುತ್ತೇನೆ ಅಂತ ಸೊಸೆ ಹೊರಟಳು. ತರಬೇತಿಗೆ ಹೋಗಿ ಬಂದಳು. ನಮ್ಮ ಹಳೇ ಕೊಟ್ಟಿಗೆಗೆ ಸಿಮೆಂಟು ಬಳಿಸಿ, ಸುಣ್ಣ ಹೊಡೆಸಿ, ಕಿಟಕಿಗೆ ನೊಣದ ಪರದೆ ಕಟ್ಟಿದಳು. ನನ್ನ ಮೂಗುಬೊಟ್ಟು ಅಡವಿಡುವ ಮಾತು ಬರಲಿಲ್ಲ, ಹಾಗಾಗಿ ನಾನೂ ಬೇಡ ಅನ್ನಲಿಲ್ಲ.

ಮೊದಲ ಸುತ್ತು ಕಾರ್ತೀಕದಲ್ಲಿ ಆಯಿತು. ಮರಿಹುಳುವಿಗೆ ಬಾಣಂತಿ ಕೋಣೆಯ ಹಾಗೆ ಬೆಚ್ಚಗಿರಬೇಕು. ಕರೆಂಟಿನ ಹೀಟರ್ ಇಟ್ಟಿದ್ದಳು. ಕರೆಂಟು ಇದ್ದರೆ ತಾನೆ? ಹೋದಾಗಲೆಲ್ಲ ಕೋಣೆ ತಣ್ಣಗಾಯಿತು. ಬಾಗಿಲ ಪಕ್ಕದ ತಟ್ಟೆಯ ಹುಳು ಹಿಂದೆ ಬಿದ್ದವು, ಒಳಗಿನವು ಮುಂದೆ ಹೋದವು. ಕೆಲವು ಜ್ವರಕ್ಕೆ ಕೂತರೆ ಕೆಲವು ಇನ್ನೂ ಸೊಪ್ಪು ಕಡಿಯುತ್ತಿದ್ದವು. ಹೀಗೆ ಏರುಪೇರಾದ ಹುಳುವನ್ನು ಸಾಕುವುದು ರೈತನಿಗೆ ನರಕ, ಒಂದಕ್ಕೆ ಸೊಪ್ಪು ಹಾಕಿದರೆ ಇನ್ನೊಂದು ಸೊಪ್ಪಿನಡಿ ಹೂತುಹೋಗುತ್ತದೆ. ತಗಡೂರಿನ ಕಡೆಯಿಂದ ಬಂದಿದ್ದ ಹೆಂಗಸೊಬ್ಬಳು ತಟ್ಟೆ ಎತ್ತಿ ನೋಡಿ, "ಇವು ಅಕ್ಕತಂಗೀರಂಗಿಲ್ಲ ಕಣವ್ವ, ಅಜ್ಜಿ ಮೊಮ್ಮಕ್ಕಳಂಗವೆ," ಅಂದಳು. ತೆಗೆದುಕೊಂಡೇನೋ ಹೋದಳು. ಮುಖ ನೋಡಿದರೆ ಮತ್ತೆ ಬರುವವಳ ಹಾಗೆ ಕಾಣಲಿಲ್ಲ.

ಆವತ್ತು ಸೊಸೆ ಪಾತ್ರೆ ಉಜ್ಜುತ್ತ ತಲೆ ಎತ್ತದೆ ಹೇಳಿದಳು: "ಇನ್ನೊಂದು ಸುತ್ತು ಮಾಡ್ತೀನಿ ಅತ್ತೆ. ಅದೂ ಹಿಂಗೇ ಆದ್ರೆ ಬೀಗ ಹಾಕಿ ಗಾರ್ಮೆಂಟ್ಸ್‌ಗೆ ಹೋಗ್ತೀನಿ. ಊರೋರ ಹತ್ರ ಮಾತು ಕೇಳೋಕಾಗಲ್ಲ."

ಅವಳು ಬಾಯಿಮಾತಿಗೆ ಹೇಳುವವಳಲ್ಲ. ಹೋಗುತ್ತೇನೆ ಅಂದರೆ ಹೋಗುವವಳೇ.

ನಾನು ಇದ್ದಲಿನ ಅಗ್ಗಿಷ್ಟಿಕೆ ಇಡು ಅಂದೆ. ನನ್ನ ಕಾಲದಲ್ಲಿ ನಾವೆಲ್ಲ ಮಾಡಿದ್ದು ಅದನ್ನೇ. ಅವಳು ಬೇಡ ಅಂದಳು. ಅವಳ ಮಾತೂ ಸರಿಯೇ. ಮುಚ್ಚಿದ ಕೋಣೆಯಲ್ಲಿ ಇದ್ದಲು ಉರಿಸಿ ಕೂತು ಎಷ್ಟು ಸಲ ನನ್ನ ತಲೆ ಸಿಡಿದಿದೆಯೋ ನನಗೇ ಗೊತ್ತು. ಪಕ್ಕದ ಮನೆಯ ಹೆಂಗಸೊಬ್ಬಳು ಹುಳುವಿನ ಮನೆಯಲ್ಲೇ ಪ್ರಜ್ಞೆ ತಪ್ಪಿ ಬಿದ್ದಿದ್ದಳು. ದೆವ್ವ ಹೊಡೆಯಿತು ಅಂದರು. ಯಾವ ದೆವ್ವವೂ ಅಲ್ಲ, ಇದ್ದಲು.

ಆಗ ಮಗ, "ಗಾಡೀಲಿ ಹೀಟರ್ ಅದಲ್ಲ!" ಅಂದ.

"ಡೀಸೆಲ್ ಒಗೆ ಉಳಕ್ಕೆ ಊದ್ತೀಯೇನ್ಲಾ? ಒಂದು ಬೀಡಿ ಸೇದ್ದೋನು ಬಾಗ್ಲಿಗೆ ಬಂದ್ರೂ ಸಾಯ್ತವೆ ಅವು," ಅಂದೆ ನಾನು.

"ಹೊಗೆ ಒಂದು ದಾರಿ, ಗಾಳಿ ಒಂದು ದಾರಿ ಕಣವ್ವ. ನಡುವೆ ಕಬ್ಬಿಣದ ಗೋಡೆ ಅದೆ. ನಮ್ಮ ಬಚ್ಚಲ ಬಾಯ್ಲರಲ್ಲಿ ಬೆಂಕಿ ನಡುಕೊಳವೇಲಿ ಉರೀತದೆ, ನೀರು ಸುತ್ತ ಇರ್ತದೆ. ನೀರಿಗೆ ಮಸಿ ಹತ್ತುತ್ತಾ?"

ಬಾಯ್ಲರ್ ಅಂದ ಮೇಲೆ ನನಗೆ ತಿಳಿಯಿತು. ಅವನು ಬಿಸಿಗಾಳಿ ಬರುವ ಬಾಯಿಗೆ ಒದ್ದೆ ಬಿಳಿ ಪಂಚೆ ಕಟ್ಟಿ ಒಂದು ಹೊತ್ತು ಓಡಿಸಿದ. ಪಂಚೆ ಬೆಳ್ಳಗೇ ಇತ್ತು. ಹೊಗೆ ಬರುವ ಕೊಳವೆಗೆ ಕಟ್ಟಿದ ಬಟ್ಟೆ ಕಪ್ಪಾಯಿತು. ಆದರೂ ಪ್ರತಿ ಸಲ ಹಚ್ಚುವ ಮುಂಚೆ ಅವನು ಬಗ್ಗಿ ಹೊಗೆ ಕೊಳವೆಯ ಬಾಯಿಗೆ ಬೆರಳು ಹಾಕಿ ನೋಡುತ್ತಿದ್ದ. ಯಾಕೆ ಅಂತ ಕೇಳಿದೆ. ಸೈನ್ಯದಲ್ಲಿ ಹಿಮದ ಬೆಟ್ಟದ ಮೇಲೆ ಇದ್ದಾಗ ಗಾಡಿಯ ಹೊಗೆ ಕೊಳವೆ ಹಿಮದಲ್ಲಿ ಮುಚ್ಚಿಹೋಗಿ, ಒಳಗೆ ಹೀಟರ್ ಹಾಕಿ ಮಲಗಿದ್ದ ಇಬ್ಬರು ಏಳಲೇ ಇಲ್ಲವಂತೆ. "ಕಣ್ಣಿಗೆ ಕಾಣೋ ಹೊಗೆ ಪರವಾಗಿಲ್ಲ. ಕಾಣದೇ ಇರೋದು ಕೊಲ್ತದೆ," ಅಂದ. ಅಷ್ಟು ಹೇಳಿ ಸ್ಪ್ಯಾನರ್ ಹುಡುಕಲು ಹೋದ.

ನರಸೀಪುರದ ಗ್ಯಾರೇಜಿನಲ್ಲಿ ಬಿಸಿಗಾಳಿಗೆ ಉದ್ದನೆಯ ಸುರುಳಿ ಕೊಳವೆ ಜೋಡಿಸಿಕೊಂಡು ಬಂದ. ಗಾಡಿಯನ್ನು ಚಾಕಿ ಮನೆ ಗೋಡೆಯ ಪಕ್ಕ ನಿಲ್ಲಿಸಿ, ಕೊಳವೆಯನ್ನು ಗೋಡೆಯ ತೂತಿನಿಂದ ಒಳಗೆ ಬಿಟ್ಟ. ಹೀಟರಿನ ಹೊಗೆಗೆ ಬೇರೆ ಕೊಳವೆ ಸಿಕ್ಕಿಸಿ ಬೀದಿಯವರೆಗೆ ಎಳೆದ. ಸೊಸೆ ಒಳಗೆ ಒದ್ದೆ ಗೋಣಿಚೀಲ ನೇತುಹಾಕಿದಳು, ಗಾಳಿ ಒಣಗದಿರಲಿ ಅಂತ. ಎಲ್ಲ ಸರಿಯಾಯಿತು ಅನ್ನುವಾಗ ಯಜಮಾನರು ತಗಾದೆ ತೆಗೆದರು. ಗಾಡಿಯ ಮೂತಿ ತೆಂಕಕ್ಕಿದೆ, ಅದು ಯಮನ ದಿಕ್ಕು.

"ಉಳ ಉಟ್ಟೋ ಒತ್ತಲ್ಲಿ ಯಮನ್ನ ನೋಡ್ಕಂಡು ನಿಂತದಲ್ಲೋ ನಿನ್ನ ಗಾಡಿ! ತಿರುಗ್ಸು ಮೂಡಕ್ಕೆ."

"ತಿರುಗ್ಸಿದ್ರೆ ಗಾಡಿ ಬಾಲ ಸೊಪ್ಪು ಇಡೋ ಮನೆ ಗೋಡೆಗೆ ತಾಗ್ತದಪ್ಪ. ಹಿಂಗೇ ಇರ್ಲಿ, ಬಾಲ ಬೀದಿ ಕಡೆಗದೆ."

"ಗಾಡಿಗೆ ಬಾಲ ಇರ್ತದಾ? ತಿರುಗ್ಸು ಅಂದ್ರೆ ತಿರುಗ್ಸು."

ನಾನು ನಡುವೆ ಬಾಯಿ ಹಾಕಿದೆ: "ಯಮ ಗಾಡಿಗೆ ಯಾಕೆ ಬತ್ತಾನೆ, ಅದಕ್ಕೆ ಜೀವ ಇದ್ಯಾ?" ಯಾರೂ ಕೇಳಿಸಿಕೊಳ್ಳಲಿಲ್ಲ. ಯಜಮಾನರು ಊಟದ ತಟ್ಟೆ ತಳ್ಳಿ ಕೂತರು. ಮಗ ಸೋತು ಗಾಡಿಯನ್ನು ಮೂಡಕ್ಕೆ ತಿರುಗಿಸಿದ. ಹೀಟರಿನ ಹೊಗೆ ಹೇಗೂ ಬೀದಿಗೆ ಹೋಗುತ್ತದೆ. ಇಂಜಿನ್ ಹಾಕಬೇಕಾದರೆ ಗಾಡಿಯನ್ನು ಹೊರಗೆ ತೆಗೆದುಕೊಂಡು ಹೋದರಾಯಿತು ಅಂದುಕೊಂಡ. ಇಂಜಿನ್ ಮುಟ್ಟುವವನು ತಾನೊಬ್ಬನೇ ಅನ್ನುವ ನಂಬಿಕೆ, ಹಾಗಾಗಿ ಅದನ್ನು ಯಾರಿಗೂ ಬಾಯಿಬಿಟ್ಟು ಹೇಳಲಿಲ್ಲ.

ಮಾರ್ಗಶಿರದ ಚಳಿ ಬಿದ್ದಿತ್ತು. ಬೆಳಗಿನ ಹೊತ್ತು ಕಪಿಲೆ ಕಡೆಯಿಂದ ಮಂಜು ಬಂದು ಹುಲ್ಲು ಮೆದೆಯೂ ಕಾಣದ ಹಾಗೆ ಮುಚ್ಚುತ್ತಿತ್ತು. ಮೊಟ್ಟೆ ಒಟ್ಟಿಗೆ ಒಡೆಯಲಿ ಅಂತ ಹೊದಿಸಿದ್ದ ಕಪ್ಪು ಬಟ್ಟೆಯನ್ನು ಸೊಸೆ ತೆಗೆದ ಬೆಳಿಗ್ಗೆ ಹುಳುಗಳೆಲ್ಲ ಒಂದೇ ಸಲ ಹೊರಬಂದವು, ಕಪ್ಪು ಕೂದಲ ತುಂಡು ಚೆಲ್ಲಿದ ಹಾಗೆ. ಕರೆಂಟು ಎರಡು ಸಲ ಹೋಯಿತು, ಹೀಟರ್ ಹಚ್ಚಿದೆವು, ಕೋಣೆ ಒಂದೇ ಸಮ ಬೆಚ್ಚಗಿತ್ತು. ಸೊಸೆಯ ಮುಖದಲ್ಲಿ ನಗು ಕಂಡಿತು.

ಮಾರನೇ ಬೆಳಿಗ್ಗೆ ಮಗ ಎಳೆಸೊಪ್ಪು ಕೀಳಲು ಹೊಲಕ್ಕೆ ಹೋಗಿದ್ದ. ಕರೆಂಟು ಇರಲಿಲ್ಲ, ಹೀಟರ್ ಓಡುತ್ತಿತ್ತು. ಫ್ಯಾನಿನ ಸದ್ದು ಸಣ್ಣಗಾಯಿತು. ಸೊಸೆ ಬಾಗಿಲ ಸಂದಿಯಿಂದ ಕೂಗಿದಳು: "ಮಾವ, ಬ್ಯಾಟರಿ ಇಳಿದಂಗಿದೆ. ಅವರು ಇಂಜಿನ್ ಹಾಕಿ ಚಾರ್ಜ್ ಮಾಡ್ತಿದ್ರು. ನಿಮಗೆ ಬರುತ್ತಾ?"

ಯಜಮಾನರು ಹರೆಯದಲ್ಲಿ ಬೇರೆಯವರ ಟ್ರ್ಯಾಕ್ಟರ್ ಓಡಿಸಿದವರು. ಬರುತ್ತಾ ಅಂತ ಕೇಳಿದ್ದೇ ತಡ, ಟವೆಲ್ ತಲೆಗೆ ಸುತ್ತಿ ಗಾಡಿ ಹತ್ತಿದರು. ಇಂಜಿನ್ ಒಂದೆರಡು ಸಲ ಮುಕ್ಕರಿಸಿ ಹತ್ತಿಕೊಂಡಿತು. ಫ್ಯಾನು ಮತ್ತೆ ಜೋರಾಯಿತು. "ನೋಡ್ದಾ, ಮಿಲಿಟರಿ ಗಾಡಿನೂ ನನ್ ಮಾತ್ ಕೇಳ್ತದೆ," ಅಂತ ನನ್ನ ಕಡೆ ನೋಡಿ ಹೇಳಿ, ಹಲ್ಲುಜ್ಜಲು ಹಿತ್ತಿಲಿಗೆ ಹೋದರು.

ನಾನು ಒಲೆ ಕೆಲಸ ಮುಗಿಸಿ, ಸೊಪ್ಪು ಹೆಚ್ಚಿಕೊಡೋಣ ಅಂತ ಕೈಕಾಲು ತೊಳೆದು ಚಾಕಿ ಮನೆಗೆ ಹೋದೆ. ಬಾಗಿಲಲ್ಲೇ ಡೀಸೆಲ್ ವಾಸನೆ ಬಂತು. ಹೊರಗಿನದು ಅಂದುಕೊಂಡೆ. ಒಳಗೆ ಹೋದರೆ ವಾಸನೆ ಇನ್ನೂ ದಟ್ಟ. ಸೊಸೆಗೆ ನೆಗಡಿಯಾಗಿ ಮೂಗು ಕಟ್ಟಿತ್ತು, ಅವಳಿಗೆ ಏನೂ ತಿಳಿದಿರಲಿಲ್ಲ. ತಟ್ಟೆಯ ಮೇಲಿನ ಕಾಗದ ಎತ್ತಿದೆ. ಹುಳುಗಳು ಸೊಪ್ಪು ಬಿಟ್ಟು ತಟ್ಟೆಯ ಅಂಚಿಗೆ ಹರಿದು ಸಾಲುಗಟ್ಟಿದ್ದವು.

"ಹಸಿವಿರಬೇಕು ಅತ್ತೆ, ಬೇಗ ಸೊಪ್ಪು ಹಾಕೋಣ," ಅಂದಳು. ಮಾತು ತೊದಲುತ್ತಿತ್ತು.

"ಅಸ್ದಿರೋ ಉಳ ಸೊಪ್ಪು ಬುಟ್ಟು ಓಡೋಯ್ತದಾ? ಇವು ತಪ್ಪಿಸ್ಕೊಳ್ತಾ ಅವೆ ಕಣೆ. ನಿಂಗೇನಾಗದೆ? ಹಣೆ ಯಾಕೆ ಇಡ್ಕಂಡಿದ್ದೀಯೆ?"

"ತಲೆ ಭಾರ. ನೆಗಡಿ ಅಷ್ಟೇ."

ನೆಗಡಿಯ ತಲೆಭಾರ ಯಾವುದು, ಇದ್ದಲಿನ ತಲೆಭಾರ ಯಾವುದು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಾಗಿಲು ಪೂರ್ತಿ ತೆಗೆದೆ. ಅವಳು ಅಡ್ಡ ಬಂದಳು.

"ಬೇಡ ಅತ್ತೆ! ಥಂಡಿ ಹೊಡೆದ್ರೆ ಮತ್ತೆ ಏರುಪೇರಾಗುತ್ತೆ. ಇದೊಂದು ಸುತ್ತು ಉಳಿಸ್ಕೊಬೇಕು."

"ನೀನೇ ಸತ್ತೋದ್ರೆ ಉಳಕ್ಕೆ ಸೊಪ್ಪಾಕೋರ್ಯಾರು? ನಡಿ ಆಚೆಗೆ."

ಕಿಟಕಿಗಳನ್ನೂ ತೆಗೆದು, ಸುರುಳಿ ಕೊಳವೆಯನ್ನು ತೂತಿನಿಂದ ಕಿತ್ತು ಹೊರಗೆ ಎಸೆದೆ. ಅವಳ ರಟ್ಟೆ ಹಿಡಿದು ಎಳೆದುಕೊಂಡು ಬಂದು ಜಗಲಿಯ ಮೇಲೆ ಕೂರಿಸಿದೆ. ಕೂತವಳು ಬಗ್ಗಿ ವಾಂತಿ ಮಾಡಿದಳು. ಯಜಮಾನರು ಬಾಯಲ್ಲಿ ಹಲ್ಲುಪುಡಿ ಇಟ್ಟುಕೊಂಡೇ ಓಡಿ ಬಂದರು.

"ಇಂಜಿನ್ ನಿಲ್ಸಿ ಮೊದ್ಲು!" ಅಂತ ಕೂಗಿದೆ. ನಿಲ್ಲಿಸಿದರು. ಆ ಮೇಲೆ ನೋಡಿದರೆ ವಿಷಯ ಕಣ್ಣೆದುರೇ ಇತ್ತು. ಗಾಡಿಯ ಹಿಂಭಾಗ ಸೊಪ್ಪಿನ ಮನೆಯ ಗೋಡೆಗೆ ಆನಿಕೊಂಡಿತ್ತು. ಇಂಜಿನ್ನಿನ ಹೊಗೆ ಹೋಗಲು ಜಾಗವಿಲ್ಲದೆ ಗೋಡೆಗೆ ಬಡಿದು, ತಿರುಗಿ ಟಾರ್ಪಾಲಿನ ಒಳಗೆ ತುಂಬಿತ್ತು. ಹೀಟರ್ ಗಾಳಿ ಎಳೆಯುವುದೇ ಆ ಗೂಡಿನಿಂದ. ಎಳೆದದ್ದನ್ನು ಬಿಸಿ ಮಾಡಿ ಸೊಸೆಯ ಮುಖಕ್ಕೆ ಊದಿತ್ತು.

ಮಗ ಸೊಪ್ಪಿನ ಚೀಲ ಹೊತ್ತು ಬಂದ. ಗಾಡಿ ನೋಡಿದ, ಬಾನೆಟ್ಟಿನ ಮೇಲೆ ಕೈಯಿಟ್ಟು ಕಾವು ನೋಡಿದ, ಹೆಂಡತಿಯನ್ನು ನೋಡಿದ. ಯಾರನ್ನೂ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಅವಳ ಮುಂದೆ ಕೂತು ಕೈಬೆರಳು ಎಣಿಸು ಅಂದ, ಎದ್ದು ನಡಿ ಅಂದ. ಅವಳು ನಡೆದಳು. ಆಮೇಲೆ ಸ್ಪ್ಯಾನರ್ ತೆಗೆದುಕೊಂಡು ಹೀಟರ್ ಬಿಚ್ಚಲು ಹೊರಟ.

"ಯಾಕೆ ಬಿಚ್ತೀರಾ?" ಅಂದಳು ಸೊಸೆ. ಕಣ್ಣು ಕೆಂಪಗಿತ್ತು.

"ಸಾಕು. ನನಗೆ ಇದು ಬೇಡ."

"ಹೀಟರ್ ಏನು ಮಾಡ್ತು? ಅದು ಕುಡಿದಿದ್ದನ್ನೇ ಕಕ್ತು. ಒಳ್ಳೇ ಗಾಳಿ ಕುಡಿಸಿ, ಒಳ್ಳೇದೇ ಬರುತ್ತೆ. ಅಲ್ಲಿ ಹುಳ ತಣ್ಣಗಾಯ್ತಾ ಇವೆ."

ಮಗ ನನ್ನ ಮುಖ ನೋಡಿದ. ಆಗ ಮಾತಾಡಿದವರು ಯಜಮಾನರು. ತಲೆಯ ಟವೆಲ್ ಬಿಚ್ಚಿ ಹೆಗಲಿಗೆ ಹಾಕಿಕೊಂಡು, "ಮೊದ್ಲು ಗಾಡಿ ತೆಂಕಕ್ಕೆ ತಿರುಗ್ಸ್ಲಾ," ಅಂದರು. "ಮೂಡಕ್ಕೆ ನಿಂತಾಗ್ಲೇ ಬಂದಿದ್ನಲ್ಲಪ್ಪ ಅವ್ನು. ಇನ್ಯಾವ ದಿಕ್ಕಾದ್ರೇನು."

ಮಗ ಗಾಡಿಯನ್ನು ಬೀದಿಗೆ ತೆಗೆದುಕೊಂಡು ಹೋಗಿ ಇಂಜಿನ್ ಓಡಿಸಿ, ಬ್ಯಾಟರಿ ತುಂಬಿದ ಮೇಲೆ ಆರಿಸಿದ. ಟಾರ್ಪಾಲು ಪೂರ್ತಿ ಎತ್ತಿ ಕಟ್ಟಿ ಗಾಳಿಯಾಡಲು ಬಿಟ್ಟ. ಇಂಜಿನ್ ಹಾಕದೆ, ಅಪ್ಪ ಮಗ ಹೆಗಲು ಕೊಟ್ಟು ತಳ್ಳಿ ಗಾಡಿಯನ್ನು ಮೊದಲಿನ ಜಾಗಕ್ಕೇ ತಂದು ನಿಲ್ಲಿಸಿದರು. ಹೀಟರ್ ಹಚ್ಚಿ, ಬಿಸಿಗಾಳಿಯನ್ನು ಅಂಗಳಕ್ಕೇ ಬಿಟ್ಟರು. ಸೊಸೆಗೆ ಮೂಗು ಕಟ್ಟಿದೆ, ಗಂಡಸರಿಬ್ಬರ ಮೈಯೆಲ್ಲ ಡೀಸೆಲ್. ಮೂಗು ಅಂತ ಉಳಿದಿದ್ದು ನನ್ನದೇ. ಬಗ್ಗಿ ಮೂಸಿದೆ. ಕಾದ ಕಬ್ಬಿಣದ ವಾಸನೆ ಬಿಟ್ಟರೆ ಏನೂ ಇರಲಿಲ್ಲ.

"ಅತ್ತೆ ಮೂಗು ಸಾಕಾಗಲ್ಲ," ಅಂದಳು ಸೊಸೆ. "ಮೂಗಿಗೆ ಸಿಗದೇ ಇರೋದೂ ಇರುತ್ತಲ್ಲ."

ಒಂದೇ ಒಂದು ತಟ್ಟೆ ತಂದು, ಜಗಲಿಯ ನೆರಳಲ್ಲಿ, ಬಿಸಿಗಾಳಿ ಬೀಸುವ ದಾರಿಯಲ್ಲಿ ಇಟ್ಟಳು. ಎಳೆಸೊಪ್ಪು ಸಣ್ಣಗೆ ಹೆಚ್ಚಿ ನಡುವೆ ಉದುರಿಸಿದಳು. ನಾಲ್ಕು ಜನ ತಟ್ಟೆಯ ಸುತ್ತ ಕುಕ್ಕರಗಾಲಲ್ಲಿ ಕೂತೆವು. ಯಾರಾದರೂ ನೋಡಿದ್ದರೆ ಪಗಡೆ ಆಡುತ್ತಿದ್ದಾರೆ ಅಂದುಕೊಳ್ಳುತ್ತಿದ್ದರು. ಬಹಳ ಹೊತ್ತು ಹುಳುಗಳು ಅಂಚಿನಲ್ಲೇ ಇದ್ದವು. ಕೆಲವು ಅಲುಗಲೇ ಇಲ್ಲ, ಅವು ಹೋಗಿದ್ದವು. ಆಮೇಲೆ ಒಂದು ತಲೆಯಾಡಿಸಿತು. ಸೊಪ್ಪಿನ ಕಡೆ ತಿರುಗಿತು. ಅದರ ಹಿಂದೆ ಇನ್ನಷ್ಟು ಹೊರಟವು.

"ಬಂದ್ವು, ಬಂದ್ವು," ಅಂದರು ಯಜಮಾನರು.

"ಸುಮ್ನಿರಿ, ಉಸ್ರು ಬುಡ್ಬೇಡಿ ಅದ್ರ ಮೇಲೆ," ಅಂದೆ ನಾನು.

ಸೊಪ್ಪಿನ ಮೇಲೆ ಸೂಜಿ ಚುಚ್ಚಿದಂಥ ತೂತು ಕಾಣುವವರೆಗೆ ಸೊಸೆ ಒಪ್ಪಲಿಲ್ಲ. ತೂತು ಕಂಡ ಮೇಲೆ ಎದ್ದು ಸೆರಗು ಕೊಡವಿ, "ಕೊಳವೆ ಹಾಕಿ," ಅಂದಳು. ಮಗ ಅವಳಿಗೆ ಒಂದು ಷರತ್ತು ಹಾಕಿದ. ಹೀಟರ್ ಉರಿಯುವಾಗ ಯಾರೂ ಬಾಗಿಲು ಮುಚ್ಚಿಕೊಂಡು ಒಳಗೆ ಕೂರಬಾರದು, ಮೇಲಿನ ಗೂಡುಕಿಟಕಿ ತೆರೆದೇ ಇರಬೇಕು. ಮಧ್ಯಾಹ್ನ ಅವಳನ್ನು ನಂಜನಗೂಡಿಗೆ ಕರೆದೊಯ್ದು ಡಾಕ್ಟರಿಗೆ ತೋರಿಸಿದ. ಆ ವಾರವೇ ಮೈಸೂರಿನಿಂದ ಒಂದು ಡಬ್ಬಿ ತಂದು ಚಾಕಿ ಮನೆ ಗೋಡೆಗೆ ಹೊಡೆದ. ವಿಷಗಾಳಿ ಬಂದರೆ ಅದು ಕಿರುಚುತ್ತದೆ. ಸರಿಯಾಗಿದೆಯೋ ನೋಡಲು ಗುಂಡಿ ಒತ್ತಿದಾಗ ಯಜಮಾನರು ಕಾಫಿ ಚೆಲ್ಲಿಕೊಂಡರು.

ಹಾಗಂತ ಎಲ್ಲ ಅಲ್ಲಿಗೇ ಸರಿಹೋಗಲಿಲ್ಲ. ಆ ಬೆಳಗಿನ ವಿಷ, ಥಂಡಿ ಎರಡೂ ಹುಳುವಿಗೆ ತಾಗಿದ್ದವು. ಮೊದಲ ಜ್ವರ ಬರಬೇಕಾದ ದಿನ ಬರಲಿಲ್ಲ. ಸೊಸೆ ತಟ್ಟೆ ತಟ್ಟೆ ಎತ್ತಿ ನೋಡುತ್ತಿದ್ದಳು, ಇಡುತ್ತಿದ್ದಳು, ಊಟ ಅಂದರೆ ಆಮೇಲೆ ಅನ್ನುತ್ತಿದ್ದಳು. ಮಾರನೇ ದಿನ ಜ್ವರ ಬಂತು. ತಡವಾಗಿ ಬಂದರೂ ಎಲ್ಲ ತಟ್ಟೆಗೂ ಒಂದೇ ಹೊತ್ತಿಗೆ ಬಂತು. ಹಿಂದೆ ಬಿದ್ದಿದ್ದರೆ ಎಲ್ಲವೂ ಒಟ್ಟಿಗೇ ಹಿಂದೆ ಬಿದ್ದಿದ್ದವು. ನಮಗೆ ಬೇಕಾದದ್ದೂ ಅಷ್ಟೇ. ಅಲ್ಲಿಂದ ಮುಂದೆ ಕರೆಂಟು ಬೇಕಾದಾಗ ಬಂತು, ಬೇಡವಾದಾಗ ಹೋಯಿತು. ನಾವು ಅದರ ಮುಖ ನೋಡಲಿಲ್ಲ. ಗಾಡಿ ತೆಂಕಕ್ಕೆ ಮೂತಿ ಮಾಡಿ ಟಿಕ್ ಟಿಕ್ ಅನ್ನುತ್ತ ನಿಂತಿತ್ತು.

ಎರಡನೇ ಜ್ವರಕ್ಕೆ ಹುಳು ಕೂತ ಬೆಳಿಗ್ಗೆ ಸೊಸೆ ನನ್ನನ್ನು ಕರೆದಳು. ತಟ್ಟೆಯ ಕಾಗದ ಎತ್ತಿ ತೋರಿಸಿದಳು. ಎಲ್ಲ ಹುಳುವೂ ತಲೆ ಎತ್ತಿ ಕೂತಿದ್ದವು, ತಿನ್ನುವುದು ಒಂದೂ ಇರಲಿಲ್ಲ. ಇನ್ನೊಂದು ತಟ್ಟೆ ಎತ್ತಿದಳು. ಅದೂ ಹಾಗೇ. ಬಾಗಿಲ ಪಕ್ಕದ್ದು ಎತ್ತುವಾಗ ಅವಳ ಕೈ ಸ್ವಲ್ಪ ತಡೆಯಿತು. ಅದೂ ಹಾಗೇ.

"ಸರಿಗವೆ," ಅಂದೆ ನಾನು. ನನಗೆ ಇದಕ್ಕಿಂತ ಹೊಗಳಲು ಬರುವುದಿಲ್ಲ.

ಬಿಸಿಲು ಏರುವ ಮುಂಚೆ ರೈತರು ಬಂದರು, ಸುತ್ತೂರು ಕಡೆಯವರು, ಮುಡುಕುತೊರೆ ಕಡೆಯವರು. ತಗಡೂರಿನ ಹೆಂಗಸು ತಾನು ಬರದೆ ಗಂಡನನ್ನು ಕಳಿಸಿದ್ದಳು. ಏನು ನಡೆಯಿತು ಅನ್ನುವುದನ್ನು ಸೊಸೆ ಯಾರಿಗೂ ಮುಚ್ಚಿಡಲಿಲ್ಲ. ಇಂಥ ದಿನ ಹುಳುವಿಗೆ ಹೊಗೆ ತಾಗಿತ್ತು, ಸತ್ತವನ್ನು ಆರಿಸಿದ್ದೇನೆ, ಒಂದು ದಿನ ತಡ, ಬೇಕಿದ್ದರೆ ತೆಗೆದುಕೊಳ್ಳಿ ಅಂದಳು. ನಾನಾಗಿದ್ದರೆ ಹೇಳುತ್ತಿದ್ದೆನೋ ಇಲ್ಲವೋ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಡುಕುತೊರೆಯ ಮುದುಕನೊಬ್ಬ ತಟ್ಟೆಯ ಮೇಲೆ ಬಗ್ಗಿ, ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದ.

"ಜ್ವರ ಚೆಂದಾಗಿ ಕುಂತದೆ ಕಣವ್ವ. ಕೊಡು ನಂಗೆ," ಅಂದ.

ಅವನು ತಗೊಂಡ ಮೇಲೆ ಉಳಿದವರೂ ತಗೊಂಡರು. ಆದರೂ ಎರಡು ತಟ್ಟೆ ಉಳಿದವು, ಒಬ್ಬಾತ ಹೊಗೆಯ ಮಾತು ಕೇಳಿ ಹಿಂದೆ ಸರಿದಿದ್ದ. ಅವನ್ನು ನಾವೇ ಇಟ್ಟುಕೊಂಡು ಸಾಕೋಣ ಅಂದೆ. ಗೂಡು ಕಟ್ಟಿದರೆ ನಮಗೇ ತಿಳಿಯುತ್ತದಲ್ಲ.

ಎಲ್ಲರೂ ಹೋದ ಮೇಲೆ ಸೊಸೆ ಮಲಗುತ್ತಾಳೆ ಅಂದುಕೊಂಡೆ. ಅವಳು ಸೀರೆ ಎತ್ತಿ ಕಟ್ಟಿ, ಖಾಲಿ ತಟ್ಟೆಗಳನ್ನು ಅಂಗಳಕ್ಕೆ ಎಳೆದು, ಬ್ಲೀಚಿಂಗ್ ಪುಡಿ ಕಲೆಸಿದ ನೀರಲ್ಲಿ ಒಂದೊಂದನ್ನೇ ಉಜ್ಜತೊಡಗಿದಳು. ಯಜಮಾನರು ಕೇಳದಿದ್ದರೂ ಬೋರಿನ ಪೈಪು ಹಿಡಿದು ನಿಂತರು. ಮುಂದಿನ ಮೊಟ್ಟೆ ಯಾವಾಗ ಅಂತ ಕೇಳಿದೆ.

"ಸಂಕ್ರಾಂತಿ ಕಳೆದ ಮೇಲೆ," ಅಂದಳು. "ಈ ಸಲ ಬಾಗಿಲ ಕಡೆಗೆ ಇನ್ನೊಂದು ಪರದೆ ಬೇಕು ಅತ್ತೆ. ನಿಮ್ಮ ಹಳೇ ಸೀರೆ ಇದ್ರೆ ಕೊಡಿ."

ಒಳಗೆ ಹೋಗಿ ಪೆಟ್ಟಿಗೆ ತೆರೆದೆ. ಗಟ್ಟಿಯಾದದ್ದನ್ನೇ ಆರಿಸಿದೆ.